ಎರಡು ಲೋಟ, ಒಂದು ಆಯಸ್ಕಾಂತ

17 ಆಗಸ್ಟ್ 2024, ಶನಿವಾರ ರಾತ್ರಿ

ಪುಟ್ಟಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಪ್ಪು ನನ್ನದೇ.

ಕಿಟಕಿ ಕಟ್ಟೆಯ ಮೇಲೆ ಎರಡು ಲೋಟ. ಎರಡರಲ್ಲೂ ಹತ್ತತ್ತು ಹೆಸರುಕಾಳು. ಒಂದರ ಅಡಿಯಲ್ಲಿ ಹಳೇ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ. ಎಂಟು ದಿನಕ್ಕೆ ಆ ಲೋಟದ ಸಸಿಗಳು ಪಕ್ಕದ ಲೋಟದವಕ್ಕಿಂತ ಎರಡು ಬೆರಳು ಎತ್ತರ ಹೋಗಿವೆ. ಸಂಜೆ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು.

"ಅಪ್ಪಾ, ಕ್ಲೋರೋಫಿಲ್ ನಡುವೆ ಮೆಗ್ನೀಸಿಯಂ ಇರುತ್ತಲ್ಲ, ಅದನ್ನ ಆಯಸ್ಕಾಂತ ಎಳೆಯುತ್ತೆ. ಅದಕ್ಕೇ ಜಾಸ್ತಿ ಬೆಳೆದಿದೆ!"

"ಮೆಗ್ನೀಸಿಯಂ ಇರೋದು ನಿಜ. ಆದ್ರೆ ಅದು ಕಬ್ಬಿಣ ಅಲ್ವಲ್ಲ ಪುಟ್ಟಿ."

ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ದಿಕ್ಸೂಚಿ ತಂದು, ಆಯಸ್ಕಾಂತ ಇಲ್ಲದ ಲೋಟದ ಪಕ್ಕ ಇಟ್ಟೆ. ಮುಳ್ಳು ಉತ್ತರ ಬಿಟ್ಟು ಪಕ್ಕದ ಲೋಟದ ಕಡೆ ತಿರುಗಿ ನಿಂತಿತು. ನಡುವೆ ಇದ್ದದ್ದು ಒಂದು ಗೇಣು. ಭೂಮಿಯ ಕಾಂತಕ್ಷೇತ್ರ 25ರಿಂದ 65 ಮೈಕ್ರೋಟೆಸ್ಲಾ ಅಷ್ಟೇ. ಅದನ್ನು ಮೀರಿಸೋದು ಆ ಸ್ಪೀಕರ್ ತುಂಡಿಗೆ ಏನು ಕಷ್ಟ?

"ಹಾಗಾದ್ರೆ ಎರಡಕ್ಕೂ ಆಯಸ್ಕಾಂತ ಇಟ್ಟ ಹಾಗಾಯ್ತಾ?"

"ಒಂದಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ."

ಎದ್ದು ಹೋದಳು. ಬಾಗಿಲು ದಡಾರಂತ ಮುಚ್ಚಿತು.

ಇನ್ನೊಂದು ಮಾತು ಹೇಳಲೇ ಇಲ್ಲ. ಎತ್ತರದ ಲೋಟ ಇರೋದು ಪರದೆ ಪಕ್ಕದ ಮೂಲೆಯಲ್ಲಿ, ನೆರಳಲ್ಲಿ. ಆ ಸಸಿಗಳ ದಂಟು ಸಣಕಲು, ಎಲೆ ಚಿಕ್ಕವು, ಬಣ್ಣ ಹಳದಿ. ಬೆಳಕು ಸಾಲದೆ ಕತ್ತು ಚಾಚಿವೆ, ಅಷ್ಟೇ. ಗಿಡ್ಡಗಿರುವ ಲೋಟದ ಎಲೆಗಳೇ ಕಡು ಹಸಿರು. ದ್ಯುತಿಸಂಶ್ಲೇಷಣೆ ಜೋರಾಗಿ ನಡೆಯುತ್ತಿರೋದು ಅಲ್ಲಿ.

ದೊಡ್ಡ ವಿಜ್ಞಾನಿಗಳ ಪಾಡೂ ಇದೇ ಅನ್ನೋದು ನನಗೊಂದು ಸಮಾಧಾನ. ಗಿಡಗಳಲ್ಲಿ ಕ್ರಿಪ್ಟೋಕ್ರೋಮ್ ಅನ್ನೋ ಪ್ರೋಟೀನ್ ಇದೆ, ನೀಲಿ ಬೆಳಕು ಹಿಡಿಯುವಂಥದ್ದು. ಬೆಳಕು ಬಿದ್ದಾಗ ಅದರೊಳಗೆ ಎಲೆಕ್ಟ್ರಾನುಗಳ ಜೋಡಿ ಹುಟ್ಟುತ್ತದೆ. ಆ ಜೋಡಿಯನ್ನು ಆಯಸ್ಕಾಂತ ಸ್ವಲ್ಪ ಅಲುಗಿಸಬಹುದು ಅನ್ನೋ ಲೆಕ್ಕ. 2007ರಲ್ಲಿ ಒಂದು ತಂಡ ಅರಬಿಡಾಪ್ಸಿಸ್ ಅನ್ನೋ ಸಾಸಿವೆ ಜಾತಿಯ ಪುಟ್ಟ ಗಿಡದ ಸಸಿಗಳ ಮೇಲೆ ನೀಲಿ ಬೆಳಕಲ್ಲಿ ಪರಿಣಾಮ ಕಂಡಿತು. ತಮಾಷೆ ಅಂದ್ರೆ, ಕ್ಷೇತ್ರ ಹೆಚ್ಚಿಸಿದಾಗ ಅವು ಇನ್ನೂ ಗಿಡ್ಡಗಾದವು! 2009ರಲ್ಲಿ ಬೇರೆ ತಂಡ ಅದನ್ನೇ ಮತ್ತೆ ಮಾಡಿದಾಗ ಹಾಗೆ ಕಾಣಲೇ ಇಲ್ಲ. ದ್ಯುತಿಸಂಶ್ಲೇಷಣೆಯಲ್ಲೂ ಎಲೆಕ್ಟ್ರಾನ್ ಜೋಡಿಗಳು ಹುಟ್ಟುತ್ತವೆ, ಆದರೆ ಆರೋಗ್ಯದ ಎಲೆಯಲ್ಲಿ ಎಲೆಕ್ಟ್ರಾನ್ ಎಷ್ಟು ಬೇಗ ಮುಂದಕ್ಕೆ ದಾಟುತ್ತದೆ ಅಂದ್ರೆ, ಆಯಸ್ಕಾಂತಕ್ಕೆ ಕೈಹಾಕಲು ಪುರಸೊತ್ತೇ ಸಿಗೋದಿಲ್ಲ.

ಇದನ್ನೆಲ್ಲ ಯಾರಿಗೆ ಹೇಳಲಿ? ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ.

ಸರಿಯಾಗಿ ಮತ್ತೆ ಮಾಡೋದಾದ್ರೆ, ಆಯಸ್ಕಾಂತದಷ್ಟೇ ದಪ್ಪದ ಸಾದಾ ಕಬ್ಬಿಣದ ತುಂಡು ಇನ್ನೊಂದು ಲೋಟದ ಕೆಳಗಿಡಬೇಕು. ಎರಡನ್ನೂ ಕಾಗದದಲ್ಲಿ ಸುತ್ತಿ, ಯಾವುದು ಯಾವುದು ಅಂತ ಅಳೆಯುವವಳಿಗೆ ಗೊತ್ತಾಗಬಾರದು. ಲೋಟಗಳ ನಡುವೆ ಕೋಣೆಯಷ್ಟು ದೂರ, ಬೆಳಕು ಮಾತ್ರ ಸಮ. ಹತ್ತು ಕಾಳು ಸಾಲದು, ಐವತ್ತಾದರೂ ಬೇಕು.

ಈಗ ಹೋಗಿ ಸುಮ್ನೆ ಲೋಟಗಳ ಜಾಗ ಅದಲುಬದಲು ಮಾಡೋಣ ಅಂತ ಕೈ ಚಾಚಿದೆ. ನಡುವೆ ಒಂದು ಚೀಟಿ ಅಂಟಿಸಿದ್ದಾಳೆ: "ಯಾರೂ ಮುಟ್ಟಬೇಡಿ. ಅಪ್ಪನೂ." ಪಕ್ಕದಲ್ಲಿ ನನ್ನ ದಿಕ್ಸೂಚಿ. ಕೆಳಗೆ ಪೆನ್ಸಿಲಲ್ಲಿ ಗೆರೆ, ಒಂದು ಗೇಣು, ಎರಡು ಗೇಣು, ಮೂರು... ಪ್ರತಿ ಗೆರೆಯ ಮುಂದೂ ಮುಳ್ಳು ಎತ್ತ ತಿರುಗಿತು ಅಂತ ಬರೆದಿದ್ದಾಳೆ. ಯಾವಾಗ ಎದ್ದು ಬಂದಿದ್ದಳೋ!