ಬಳ್ಳಾರಿಯಿಂದ ಸಿಂಗಪುರದ ಕ್ರೂಸ್‌ಗೆ ಹೊರಟವರಿಗೆ: ಡ್ರಿಂಕ್ಸ್, ಊಟ ಮತ್ತು ಪಾಯಿಂಟ್ಸ್ ಲೆಕ್ಕ

ಕ್ರೂಸ್‌ನ, ಅಂದರೆ ಹಡಗು ಪ್ರವಾಸದ ಟಿಕೆಟ್ ತೆಗೆದುಕೊಂಡರೆ ಎಲ್ಲಾ ಅದರಲ್ಲೇ ಬಂತು ಅಂತ ಏಜೆಂಟರು ಹೇಳುತ್ತಾರೆ. ಅದು ಅರ್ಧ ನಿಜ. ಕೋಣೆ, ಮೂರು ಹೊತ್ತಿನ ಊಟ, ಸಂಜೆಯ ಶೋ, ಈಜುಕೊಳ ಇವೆಲ್ಲಾ ಟಿಕೆಟ್‌ನಲ್ಲೇ ಇರುತ್ತವೆ. ಗ್ಲಾಸಿಗೆ ಬೀಳುವುದು ಮಾತ್ರ ಹೆಚ್ಚಾಗಿ ಬೇರೆ ಲೆಕ್ಕ. ಆ ಲೆಕ್ಕವನ್ನು ಊರಲ್ಲೇ ಕುಳಿತು ಮಾಡಿಕೊಂಡು ಹೋದರೆ ಜೇಬು ಉಳಿಯುತ್ತದೆ. ಹಡಗು ಹತ್ತಿದ ಮೇಲೆ ಯಾರಿಗೂ ಲೆಕ್ಕ ಮಾಡುವ ಮನಸ್ಸು ಇರುವುದಿಲ್ಲ, ಮಾರುವವರಿಗೂ ಅದು ಚೆನ್ನಾಗಿ ಗೊತ್ತು.

ನಮ್ಮ ಗುಂಪಿನಲ್ಲಿ ಎಲ್ಲ ಥರದವರೂ ಇದ್ದರು. ಬಳ್ಳಾರಿಯಿಂದ ನಾವು, ಗಂಗಾವತಿಯಿಂದ ಅಕ್ಕನ ಮನೆಯವರು, ಸಿಂಧನೂರಿನಿಂದ ಭಾವನ ಕಡೆಯವರು. ಸಂಜೆಯಾದರೆ ಎರಡು ಬಿಯರ್ ಬೇಕು ಅನ್ನುವವರು, ವರ್ಷಕ್ಕೊಮ್ಮೆ ಹಿರಿಯರ ಕಣ್ಣು ತಪ್ಪಿಸಿ ಕುಡಿಯುವವರು, ಚಹಾ ಬಿಟ್ಟು ಬೇರೇನೂ ಮುಟ್ಟದವರು, ಸೋಮವಾರ ಒಪ್ಪತ್ತು ಮಾಡುವ ದೊಡ್ಡವರು. ಹೋಗಿದ್ದು ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡ್‌ನ ಫುಕೆಟ್ ನೋಡಿ ವಾಪಸ್ ಬರುವ ನಾಲ್ಕು ರಾತ್ರಿಯ ಕ್ರೂಸ್‌ಗೆ. ನಮ್ಮ ಕಡೆಯಿಂದ ಹೋಗುವವರಲ್ಲಿ ಜಾಸ್ತಿ ಜನ ಆರಿಸಿಕೊಳ್ಳುವುದು ಇಂಥದ್ದನ್ನೇ.

ಮೊದಲು ಡ್ರಿಂಕ್ಸ್ ಮಾತಾಡೋಣ. ಇಂಥ ದೊಡ್ಡ ಹಡಗುಗಳಲ್ಲಿ ಬಫೆಯ ನೀರು, ಡಿಪ್ ಟೀ, ಸಾದಾ ಕಾಫಿ, ಬೆಳಗಿನ ತಿಂಡಿ ಜೊತೆಗಿನ ಜ್ಯೂಸ್ ಪುಕ್ಕಟೆ. ಕೋಲಾ, ಸೋಡಾ, ಮೆಷಿನ್ ಕಾಫಿ, ಸೀಲ್ ಮಾಡಿದ ನೀರಿನ ಬಾಟಲಿ, ಬಿಯರ್, ವೈನ್, ಕಾಕ್‌ಟೇಲ್ ಎಲ್ಲಕ್ಕೂ ದುಡ್ಡು. ಅದೂ ಹೆಚ್ಚಾಗಿ ಅಮೆರಿಕನ್ ಡಾಲರ್‌ನಲ್ಲಿ. ಅದರ ಮೇಲೆ ಟಿಪ್ಸ್ ಅಂತ ಸಾಮಾನ್ಯವಾಗಿ 18% ತಾನಾಗಿಯೇ ಸೇರುತ್ತದೆ. ಕೊಡುವಾಗ ಯಾರೂ ನೋಟು ಕೇಳುವುದಿಲ್ಲ, ಕೋಣೆಯ ಕಾರ್ಡ್ ಮುಟ್ಟಿಸಿದರೆ ಆಯಿತು. ಅಲ್ಲೇ ಇರುವುದು ಅಪಾಯ. ಮಕ್ಕಳ ಕೈಗೂ ಅಂಥದ್ದೇ ಕಾರ್ಡ್ ಬರುತ್ತದೆ. ಹತ್ತಿದ ದಿನವೇ ಗೆಸ್ಟ್ ಸರ್ವಿಸ್ ಕೌಂಟರ್‌ಗೆ ಹೋಗಿ ಮಕ್ಕಳ ಕಾರ್ಡ್‌ನಲ್ಲಿ ಖರ್ಚು ಬಂದ್ ಮಾಡಿಸಿ. ಎರಡು ನಿಮಿಷದ ಕೆಲಸ.

ಇನ್ನು ಡ್ರಿಂಕ್ಸ್ ಪ್ಯಾಕೇಜ್. ದಿನಕ್ಕೆ ಇಂತಿಷ್ಟು ಅಂತ ಕಟ್ಟಿದರೆ ಬೇಕಾದಷ್ಟು ಕುಡಿಯಬಹುದು ಅನ್ನುವ ಸ್ಕೀಮ್ ಇದು. ದರ ಹಡಗಿನಿಂದ ಹಡಗಿಗೆ, ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಲೆಕ್ಕಕ್ಕೆ ದಿನಕ್ಕೆ 65 ಡಾಲರ್ ಅಂತ ಹಿಡಿಯಿರಿ. 18% ಸೇರಿದರೆ ಹೆಚ್ಚುಕಮ್ಮಿ 77. ಒಂದು ಕಾಕ್‌ಟೇಲ್‌ಗೆ 14 ಡಾಲರ್ ಅಂದರೂ ಟಿಪ್ಸ್ ಸೇರಿ ಹದಿನಾರೂವರೆ. ಅಂದರೆ ದಿನಕ್ಕೆ ಐದು ಕಾಕ್‌ಟೇಲ್ ಕುಡಿದರೆ ಮಾತ್ರ ಹಾಕಿದ ದುಡ್ಡು ಹುಟ್ಟುತ್ತದೆ. ಬಿಯರ್ ಆದರೆ ಇನ್ನೂ ಜಾಸ್ತಿ ಬೇಕು. ಬಂದರಿನಲ್ಲಿ ಹಡಗು ನಿಂತ ದಿನ ನೀವು ಬೆಳಗ್ಗೆಯಿಂದ ಸಂಜೆವರೆಗೆ ಊರು ಸುತ್ತುತ್ತಿರುತ್ತೀರಿ, ಆ ದಿನದ ದುಡ್ಡೂ ಕಟ್ಟಿರುತ್ತೀರಿ. ದಿನಾ ಐದು ಗ್ಲಾಸ್, ನಾಲ್ಕೂ ದಿನ. ಎದೆ ಮುಟ್ಟಿಕೊಂಡು ಹೇಳಿ, ಆಗುತ್ತಾ?

ಅದಕ್ಕಿಂತ ದೊಡ್ಡ ಕೊಕ್ಕೆ ಇನ್ನೊಂದಿದೆ. ರಾಯಲ್ ಕೆರಿಬಿಯನ್‌ನಂಥ ಕ್ರೂಸ್ ಕಂಪನಿಗಳ ನಿಯಮದಂತೆ, ಒಂದು ಕೋಣೆಯಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ತೆಗೆದುಕೊಂಡರೆ ಅದೇ ಕೋಣೆಯ ಉಳಿದ ದೊಡ್ಡವರೂ ತೆಗೆದುಕೊಳ್ಳಬೇಕು. ಒಬ್ಬರ ಪ್ಯಾಕೇಜ್‌ನಲ್ಲಿ ಇಬ್ಬರು ಕುಡಿಯಬಾರದು ಅಂತ ಈ ಕಟ್ಟು. ನಮ್ಮಲ್ಲಿ ಗಂಡ ಕುಡಿಯುತ್ತಾನೆ, ಹೆಂಡತಿ ಚಹಾ ಕುಡಿಯುತ್ತಾಳೆ. ಆಗ ಅವನೊಬ್ಬನೇ ದಿನಕ್ಕೆ ಹತ್ತು ಗ್ಲಾಸ್ ಇಳಿಸಬೇಕಾಗುತ್ತದೆ. ನಾಲ್ಕು ರಾತ್ರಿಗೆ ಇಬ್ಬರದೂ ಸೇರಿ 600 ಡಾಲರ್ ದಾಟುತ್ತದೆ. ಆ ದುಡ್ಡಿಗೆ ಬೆಂಗಳೂರು-ಸಿಂಗಪುರ ವಿಮಾನದ ಟಿಕೆಟ್ ನೋಡಬಹುದು. ವೈದ್ಯಕೀಯ ಕಾರಣ, ಗರ್ಭಿಣಿ ಅಂಥದ್ದೇನಾದರೂ ಇದ್ದರೆ ಮೊದಲೇ ಫೋನ್ ಮಾಡಿ ಕೇಳಿ. ಎರಡನೆಯವರಿಗೆ ಮದ್ಯವಿಲ್ಲದ ಅಗ್ಗದ ಪ್ಯಾಕೇಜ್ ಹಾಕಿಕೊಡುವುದೂ ಉಂಟು.

ನಮ್ಮವರು ಇದಕ್ಕೆ ಒಂದು ದಾರಿ ಹುಡುಕಿದರು. ಬುಕಿಂಗ್ ಮಾಡುವಾಗಲೇ ಕುಡಿಯುವ ಇಬ್ಬರು ಗಂಡಸರನ್ನು ಒಂದು ಕೋಣೆಗೆ ಹಾಕಿ, ಅವರ ಹೆಂಡತಿಯರನ್ನು ಪಕ್ಕದ ಕೋಣೆಗೆ ಹಾಕಿದರು. ನಿಯಮವೂ ಮುರಿಯಲಿಲ್ಲ, ಎರಡು ಪ್ಯಾಕೇಜ್ ದುಡ್ಡೂ ಉಳಿಯಿತು. ಗೊರಕೆಯಿಲ್ಲದ ನಿದ್ದೆ ಸಿಕ್ಕಿತು ಅಂತ ಹೆಂಗಸರಿಗೆ ಜಾಸ್ತಿ ಖುಷಿ. ಉಳಿದ ನಾವೆಲ್ಲಾ ಬೇಕಾದಾಗ ಒಂದೊಂದು ಕೊಂಡು ಕುಡಿದೆವು. ನನ್ನ ಅಭಿಪ್ರಾಯ ಕೇಳಿದರೆ ನಾಲ್ಕು ರಾತ್ರಿಯ ಪ್ರವಾಸಕ್ಕೆ ಇದೇ ಸರಿ. ಪ್ಯಾಕೇಜ್ ಬೇಕೇ ಬೇಕು ಅನ್ನುವವರು ಹಡಗಿನಲ್ಲಿ ಕೊಳ್ಳಬೇಡಿ. ಹೊರಡುವ ಮೊದಲು ಕಂಪನಿಯ ಆ್ಯಪ್‌ನಲ್ಲಿ ನೋಡಿ, ಅಲ್ಲಿ ಸಾಮಾನ್ಯವಾಗಿ ದರ ಕಮ್ಮಿ. ಕೊಂಡ ಮೇಲೆ ಇನ್ನೂ ಇಳಿದರೆ ರದ್ದು ಮಾಡಿ ಮತ್ತೆ ಕೊಳ್ಳಬಹುದು. ಪ್ಯಾಕೇಜ್‌ನಲ್ಲೂ ಒಂದು ಗ್ಲಾಸಿಗೆ ಇಷ್ಟು ಡಾಲರ್‌ವರೆಗೆ ಅಂತ ಮಿತಿ ಇರುತ್ತದೆ. ದುಬಾರಿ ಸಿಂಗಲ್ ಮಾಲ್ಟ್ ವಿಸ್ಕಿ ಕೇಳಿದರೆ ಮೇಲಿನದ್ದು ಕೈಯಿಂದ.

ಸಿಂಗಪುರದ ಚಾಂಗಿ ಏರ್‌ಪೋರ್ಟ್‌ನ ಡ್ಯೂಟಿ ಫ್ರೀಯಲ್ಲಿ ಬಾಟಲಿ ಕೊಂಡು ಕೋಣೆಯಲ್ಲಿ ಕುಳಿತು ಕುಡಿಯುತ್ತೇವೆ ಅನ್ನುವ ಯೋಚನೆ ಬಿಡಿ. ರಾಯಲ್ ಕೆರಿಬಿಯನ್‌ನಲ್ಲಿ ಹತ್ತುವ ದಿನ ದೊಡ್ಡವರೊಬ್ಬರಿಗೆ 750 ಎಂಎಲ್‌ನ ಒಂದು ವೈನ್ ಬಾಟಲಿ ಮಾತ್ರ ಬಿಡುತ್ತಾರೆ. ಬೇರೆ ಯಾವುದೇ ಮದ್ಯ ತರುವಂತಿಲ್ಲ. ಬಂದರಿನಲ್ಲಿ ಕೊಂಡು ತಂದದ್ದನ್ನು ಎತ್ತಿಟ್ಟುಕೊಂಡು ಕೊನೆಗೆ ವಾಪಸ್ ಕೊಡುತ್ತಾರೆ. ಊರಿಗೆ ತರಬೇಕಿದ್ದರೆ ವಾಪಸ್ ಬರುವಾಗ ಕೊಳ್ಳಿ, ತಲೆಗೆ ಎರಡು ಲೀಟರ್‌ವರೆಗೆ ಸುಂಕವಿಲ್ಲ.

ಚಹಾದವರ ಕಷ್ಟ ಬೇರೆಯೇ. ಬಿಸಿನೀರಿಗೆ ಟೀ ಬ್ಯಾಗ್ ಅದ್ದಿ, ತಣ್ಣನೆ ಹಾಲು ಹಾಕಿದ್ದನ್ನು ನಮ್ಮ ಹಿರಿಯರು ಚಹಾ ಅಂತ ಒಪ್ಪುವುದೇ ಇಲ್ಲ. ಕೆಟಲ್ ಒಯ್ಯೋಣ ಅಂದರೆ ಅದಕ್ಕೂ ಅಡ್ಡಿ. ಕೆಟಲ್, ಇಸ್ತ್ರಿ ಪೆಟ್ಟಿಗೆಯಂಥ ಬಿಸಿಯಾಗುವ ಸಾಮಾನುಗಳನ್ನು ಬೆಂಕಿಯ ಭಯಕ್ಕೆ ಸ್ಕ್ಯಾನಿಂಗ್‌ನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಏಲಕ್ಕಿ ಚಹಾದ ಪ್ರೀಮಿಕ್ಸ್ ಪ್ಯಾಕೆಟ್ ಮತ್ತು ಒಂದು ಸ್ಟೀಲ್ ಫ್ಲಾಸ್ಕ್ ಒಯ್ಯಿರಿ. ಬಫೆಯಲ್ಲಿ ಬಿಸಿನೀರು ಯಾವಾಗ ಬೇಕಾದರೂ ಸಿಗುತ್ತದೆ. ಕುಡಿಯುವ ನೀರಿಗೂ ಬಾಟಲಿ ಒಯ್ದು ಅಲ್ಲೇ ತುಂಬಿಸಿಕೊಳ್ಳಿ, ಆ ನೀರು ಚೆನ್ನಾಗಿಯೇ ಇರುತ್ತದೆ. ಕೋಣೆಯಲ್ಲಿ ಚೆಂದಕ್ಕೆ ಇಟ್ಟಿರುವ ನೀರಿನ ಬಾಟಲಿಗೆ ಬೆಲೆ ಚೀಟಿ ಇದೆಯಾ ನೋಡಿ, ಆಮೇಲೆ ಮುಚ್ಚಳ ತೆಗೆಯಿರಿ.

ಊಟದ ವಿಷಯಕ್ಕೆ ಬಂದರೆ, ಹಸಿದು ಬರುವ ಪ್ರಶ್ನೆಯೇ ಇಲ್ಲ. ಸಿಂಗಪುರದ ಹಡಗುಗಳಲ್ಲಿ ಭಾರತೀಯರು ಎಷ್ಟು ಇರುತ್ತಾರೆ ಅಂದರೆ ಬಫೆಯಲ್ಲಿ ಅನ್ನ, ದಾಲ್, ಒಂದೆರಡು ಪಲ್ಯ, ನಾನ್ ಸಿಗುತ್ತದೆ. ಗೆಂಟಿಂಗ್ ಡ್ರೀಮ್ ಹಡಗಿನಲ್ಲಂತೂ ಸಸ್ಯಾಹಾರಕ್ಕೆ, ಜೈನ ಊಟಕ್ಕೆ ಬೇರೆಯೇ ವ್ಯವಸ್ಥೆ ಇದೆ. ಬರೀ ಸಸ್ಯಾಹಾರಿಗಳ ಗುಂಪಾದರೆ ಹಡಗು ಆರಿಸುವಾಗಲೇ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ಆದರೆ ಬಫೆಗಿಂತ ಮೇನ್ ಡೈನಿಂಗ್ ರೂಮ್ ಬಳಸಿ. ಅದೂ ಟಿಕೆಟ್‌ನಲ್ಲೇ ಸೇರಿದೆ. ಎಷ್ಟೋ ಜನ ಅಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು ನೋಡಿ ಇದಕ್ಕೆ ದುಡ್ಡು ಇರಬೇಕು ಅಂತ ಒಳಗೆ ಕಾಲೇ ಇಡುವುದಿಲ್ಲ. ಬುಕಿಂಗ್ ಮಾಡುವಾಗ ನಿಗದಿತ ಸಮಯದ ಊಟ ಆರಿಸಿದರೆ ದಿನಾ ಅದೇ ಮೇಜು, ಅದೇ ವೇಟರ್. ಮೊದಲ ರಾತ್ರಿಯೇ ಅವರಿಗೆ ಬಿಡಿಸಿ ಹೇಳಿ: ಮೊಟ್ಟೆ ನಡೆಯುತ್ತಾ ಇಲ್ವಾ, ಈರುಳ್ಳಿ-ಬೆಳ್ಳುಳ್ಳಿ ತಿನ್ನುತ್ತೀರಾ, ಖಾರ ಎಷ್ಟು ಬೇಕು. ಸುಮ್ನೆ ವೆಜ್ ಅಂದರೆ ಸಾಲದು. ಥಾಯ್ ಕರಿಯಲ್ಲಿ ಮೀನಿನ ಸಾಸ್, ಚೈನೀಸ್ ತರಕಾರಿಯಲ್ಲಿ ಸಿಂಪಿಯಿಂದ ಮಾಡುವ ಆಯ್‌ಸ್ಟರ್ ಸಾಸ್, ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆಯುವ ಜೆಲಟಿನ್ ಇರುತ್ತದೆ. ಕೇಕ್‌ನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ನಮ್ಮ ವೇಟರ್ ಮೊದಲ ದಿನ ಕೇಳಿಕೊಂಡು ಹೋಗಿ, ಎರಡನೇ ರಾತ್ರಿಯಿಂದ ಮೆನುವಿನಲ್ಲಿ ಇಲ್ಲದ ಪಲ್ಯ ತರಿಸಿಕೊಟ್ಟರು. ಹಿಂದಿನ ರಾತ್ರಿಯೇ ನಾಳೆಗೆ ಏನು ಬೇಕು ಅಂತ ಹೇಳಿದರೆ ಅಡುಗೆಮನೆಗೂ ಸುಲಭ. ಹಸಿಮೆಣಸಿನಕಾಯಿ ಕೇಳಿ, ತಟ್ಟೆಯಲ್ಲಿ ತಂದಿಡುತ್ತಾರೆ. ಬೆಳಗ್ಗೆ ತಿಂಡಿಗೆ ಸಾದಾ ಮೊಸರು ಇರುತ್ತದೆ, ಮೊಸರನ್ನದವರು ಅದನ್ನು ಗುರುತು ಮಾಡಿಟ್ಟುಕೊಳ್ಳಿ. ಹಣ್ಣು ಎಲ್ಲ ಹೊತ್ತಿಗೂ ಇರುವುದರಿಂದ ಒಪ್ಪತ್ತಿನವರಿಗೂ ತೊಂದರೆಯಿಲ್ಲ.

ದುಡ್ಡು ಕೊಟ್ಟು ಉಣ್ಣುವ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳೂ ಇರುತ್ತವೆ. ಹೆಚ್ಚಿನವು ಸ್ಟೀಕ್, ಸುಶಿಯಂಥವು. ಸಸ್ಯಾಹಾರಿಗಳಿಗೆ ದಂಡ. ಮಾಂಸಾಹಾರಿಗಳು ಆಸೆಗೆ ಒಂದು ಊಟ ಮಾಡಿ ನೋಡಲಿ, ಡೈನಿಂಗ್ ಪ್ಯಾಕೇಜ್ ಮಾತ್ರ ಬೇಡ.

ಊರಿಂದ ಒಯ್ಯುವ ತಿಂಡಿಯ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಏಜೆಂಟರು ಹೇಳುವುದೇ ಇಲ್ಲ. ಸಿಂಗಪುರದಲ್ಲಿ ಗಸಗಸೆ ನಿಷೇಧ. ಅದರಲ್ಲಿ ಅಫೀಮಿನ ಅಂಶ ಇರುತ್ತದೆ ಅನ್ನುವುದು ಕಾರಣ. ನಮ್ಮ ಕರ್ಚಿಕಾಯಿ, ಅಂಟಿನುಂಡೆ, ಕೆಲವು ಮಸಾಲೆ ಪುಡಿಗಳಲ್ಲಿ ಗಸಗಸೆ ಬಿದ್ದಿರುತ್ತದೆ. ಅವನ್ನು ಮನೆಯಲ್ಲೇ ಬಿಡಿ. ಗುಟ್ಕಾ, ಜರ್ದಾ, ಖೈನಿ ಕೂಡ ನಿಷೇಧ. ಸಿಗರೇಟಿಗೆ ಡ್ಯೂಟಿ ಫ್ರೀ ರಿಯಾಯಿತಿ ಇಲ್ಲ, ಇ-ಸಿಗರೇಟ್ ಮುಟ್ಟಲೇಬಾರದು. ಚೀಲದ ಮೂಲೆಯಲ್ಲಿ ಮರೆತು ಉಳಿದ ಒಂದು ಪ್ಯಾಕೆಟ್ ಕೂಡ ತಲೆನೋವು. ಹಡಗಿನವರು ಮನೆಯಲ್ಲಿ ಮಾಡಿದ ಅಡುಗೆಯನ್ನು ಒಳಗೆ ಬಿಡುವುದಿಲ್ಲ, ಸೀಲ್ ಇರುವ ಪ್ಯಾಕೆಟ್ ತಿಂಡಿಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಅಂಗಡಿಯಲ್ಲಿ ಸಿಗುವ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಪುಡಿಯ ಪ್ಯಾಕೆಟ್ ಸಾಕು. ಮೂರನೇ ದಿನ ಬೆಣ್ಣೆ, ಬ್ರೆಡ್ ನೋಡಿ ನಾಲಿಗೆ ಸತ್ತಾಗ ಅದರ ಬೆಲೆ ಗೊತ್ತಾಗುತ್ತದೆ.

ಈಗ ಪಾಯಿಂಟ್ಸ್, ಅಂದರೆ ಒಂದೇ ಕಂಪನಿಯ ಹಡಗಿನಲ್ಲಿ ಮತ್ತೆ ಮತ್ತೆ ಹೋಗುವವರಿಗೆ ಜಮಾ ಆಗುವ ಅಂಕ. ಹಡಗಿನಲ್ಲಿ ಲಾಯಲ್ಟಿ ಕಾರ್ಡ್ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ರಾಯಲ್ ಕೆರಿಬಿಯನ್‌ನವರದ್ದು ಕ್ರೌನ್ ಅಂಡ್ ಆ್ಯಂಕರ್ ಸೊಸೈಟಿ. ಒಂದು ರಾತ್ರಿಗೆ ಒಂದು ಪಾಯಿಂಟ್, ಸೂಟ್ ಅನ್ನುವ ದೊಡ್ಡ, ದುಬಾರಿ ಕೋಣೆ ತೆಗೆದುಕೊಂಡರೆ ಎರಡು. 3 ಪಾಯಿಂಟ್‌ಗೆ ಗೋಲ್ಡ್, 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್. ನಾಲ್ಕು ರಾತ್ರಿಯ ಒಂದು ಪ್ರವಾಸ ಮುಗಿಸಿದರೆ ನೀವು ಗೋಲ್ಡ್. ಕೇಳಲು ಭಾರಿ ಅನ್ನಿಸುತ್ತೆ, ಕೈಗೆ ಬರುವುದು ಅಷ್ಟಕ್ಕಷ್ಟೇ. ನಿಜವಾದ ಲಾಭ ಶುರುವಾಗುವುದು ಡೈಮಂಡ್‌ನಿಂದ. ಅವರಿಗೆ ದಿನಕ್ಕೆ ನಾಲ್ಕು ಡ್ರಿಂಕ್ಸ್ ಪುಕ್ಕಟೆ, ಕಾರ್ಡ್‌ನಲ್ಲೇ ತುಂಬಿರುತ್ತದೆ. ಅಂಥವರು ಪ್ಯಾಕೇಜ್ ಕಡೆ ತಿರುಗಿಯೂ ನೋಡುವುದಿಲ್ಲ. ಈ ಪುಕ್ಕಟೆ ಡ್ರಿಂಕ್ಸನ್ನು ಬೇರೆಯವರಿಗೆ ಕೊಡುವಂತಿಲ್ಲ.

ಡೈಮಂಡ್ ಆಗಲು ನಾಲ್ಕು ರಾತ್ರಿಯ ಕ್ರೂಸ್ ಇಪ್ಪತ್ತು ಸಲ ಮಾಡಬೇಕು. ಹಡಗಿನಲ್ಲಿ ಸಿಂಗಪುರದ ನಿವೃತ್ತ ದಂಪತಿ ಸಿಕ್ಕಿದ್ದರು, ಡೈಮಂಡ್ ಪ್ಲಸ್‌ನವರು. ಅವರು ಮನೆಯಿಂದ ಮೆಟ್ರೋ ಹತ್ತಿ ಬಂದರಿಗೆ ಬರುತ್ತಾರೆ. ನಾವು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಬೆಂಗಳೂರಿಗೆ ಬಂದು, ಅಲ್ಲಿಂದ ನಾಲ್ಕೂವರೆ ಗಂಟೆ ವಿಮಾನದಲ್ಲಿ ಹಾರಬೇಕು. ಅವರ ಲೆಕ್ಕ ನಮಗೆ ಹೊಂದುವುದಿಲ್ಲ. ಹಾಗಾಗಿ ಪಾಯಿಂಟ್ಸ್‌ಗೋಸ್ಕರ ಒಂದೇ ಕಂಪನಿಗೆ ಅಂಟಿಕೊಳ್ಳಬೇಡಿ, ದರ ಮತ್ತು ಊಟ ನೋಡಿ ಹಡಗು ಆರಿಸಿ. ಸದಸ್ಯರಾಗಲು ದುಡ್ಡಿಲ್ಲ, ಆದ್ದರಿಂದ ನಂಬರ್ ಮಾತ್ರ ಮಾಡಿಸಿಟ್ಟುಕೊಳ್ಳಿ. ಮಕ್ಕಳಿಗೆ ತಂದೆ-ತಾಯಿಯ ದರ್ಜೆಯೇ ಸಿಗುತ್ತದೆ.

ನಂಬರ್ ಮಾಡಿಸುವಾಗ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಇರಲಿ. ನಮ್ಮ ಕಡೆ ಒಬ್ಬರಿಗೆ ಇನಿಷಿಯಲ್, ಇನ್ನೊಬ್ಬರಿಗೆ ಊರ ಹೆಸರು, ಮತ್ತೊಬ್ಬರಿಗೆ ಸರ್‌ನೇಮ್ ಜಾಗ ಖಾಲಿ. ಕ್ರೂಸ್ ಬುಕಿಂಗ್, ವಿಮಾನದ ಟಿಕೆಟ್, ಸದಸ್ಯತ್ವ ಮೂರರಲ್ಲೂ ಒಂದೇ ಥರ ಇಲ್ಲದಿದ್ದರೆ ಪಾಯಿಂಟ್ಸ್ ಹೋಗಲಿ, ಚೆಕ್-ಇನ್‌ನಲ್ಲೇ ಪೇಚಾಟ.

ಬಿಲ್‌ನಲ್ಲಿ ಇನ್ನೊಂದು ಸಾಲು ಎಲ್ಲರನ್ನೂ ಬೆಚ್ಚಿಬೀಳಿಸುತ್ತದೆ, ದಿನದ ಗ್ರಾಚುಯಿಟಿ, ಅಂದರೆ ಹಡಗಿನ ಸಿಬ್ಬಂದಿಗೆ ಅಂತ ಹಾಕುವ ಟಿಪ್ಸ್. ರಾಯಲ್ ಕೆರಿಬಿಯನ್‌ನಲ್ಲಿ ಸಾಮಾನ್ಯ ಕೋಣೆಗೆ ಈಚೆಗೆ ತಲೆಗೆ ದಿನಕ್ಕೆ 18.50 ಡಾಲರ್, ಮಕ್ಕಳಿಗೂ ಅಷ್ಟೇ. ನಾಲ್ಕು ಜನಕ್ಕೆ ನಾಲ್ಕು ರಾತ್ರಿಗೆ 296 ಡಾಲರ್. ಏಜೆಂಟ್ ಹೇಳಿದ ದರದಲ್ಲಿ ಇದು ಸೇರಿದೆಯಾ ಅಂತ ಬರೆದು ತೆಗೆದುಕೊಳ್ಳಿ. ಏಜೆಂಟ್ ಟಿಸಿಎಸ್ (ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿದಿದ್ದರೆ ರಸೀದಿ ಇಟ್ಟುಕೊಳ್ಳಿ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಾಣಿಕೆ ಆಗುತ್ತದೆ. ಹಡಗಿನ ಖಾತೆಗೆ ಡೆಬಿಟ್ ಕಾರ್ಡ್ ಜೋಡಿಸಬೇಡಿ, ಮುಂಗಡ ಅಂತ ದುಡ್ಡು ತಡೆಹಿಡಿಯುತ್ತಾರೆ, ವಾಪಸ್ ಬರಲು ದಿನಗಳು ಹಿಡಿಯುತ್ತವೆ. ಡಾಲರ್ ಖರ್ಚಿಗೆ ಶುಲ್ಕ ಕಮ್ಮಿ ಇರುವ ಕ್ರೆಡಿಟ್ ಕಾರ್ಡ್ ಒಳ್ಳೆಯದು.

ಸಿಂಗಪುರದ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಲೇಬೇಕು. ಹಡಗು ಹತ್ತಿದರೆ ದೇಶ ಬಿಟ್ಟಂತೆ, ಇಳಿದರೆ ಮತ್ತೆ ಒಳಗೆ ಬಂದಂತೆ. ಹಡಗು ಹೊರಡುವ ಹಿಂದಿನ ದಿನವೇ ಸಿಂಗಪುರದಲ್ಲಿರಿ. ಅಲ್ಲಿ ಎರಡು ಕ್ರೂಸ್ ಟರ್ಮಿನಲ್ ಇವೆ, ಹಾರ್ಬರ್‌ಫ್ರಂಟ್ ಮತ್ತು ಮರೀನಾ ಬೇ. ಟಿಕೆಟ್‌ನಲ್ಲಿ ಯಾವುದು ಅಂತ ನೋಡಿಯೇ ಟ್ಯಾಕ್ಸಿ ಹಿಡಿಯಿರಿ. ಮರೀನಾ ಬೇ ಆದರೆ ಮರೀನಾ ಸೌತ್ ಪಿಯರ್ ಮೆಟ್ರೋ ಸ್ಟೇಷನ್ ಹತ್ತಿರ.

ಖಾತೆಯನ್ನು ದಿನಾ ರಾತ್ರಿ ಆ್ಯಪ್‌ನಲ್ಲಿ ಅಥವಾ ಕೋಣೆಯ ಟಿವಿಯಲ್ಲಿ ನೋಡಿ. ತಪ್ಪು ಕಂಡರೆ ಅವತ್ತೇ ಕೌಂಟರ್‌ಗೆ ಹೋಗಿ, ಕೊನೆಯ ಬೆಳಗ್ಗೆ ಅಲ್ಲಿ ಸರತಿ ಮೈಲುದ್ದ. ಅದೇ ಹೊತ್ತಿಗೆ ಮುಂದಿನ ಕ್ರೂಸ್ ಬುಕ್ ಮಾಡಿ ಅಂತ ಇನ್ನೊಂದು ಕೌಂಟರ್‌ನವರು ಕರೆಯುತ್ತಾರೆ. ಹಡಗಿನಲ್ಲಿ ಖರ್ಚು ಮಾಡಲು ಸ್ವಲ್ಪ ಕ್ರೆಡಿಟ್ ಕೊಡುತ್ತಾರೆ ನಿಜ, ಆದರೆ ಕಟ್ಟಿದ ಡಿಪಾಸಿಟ್ ವಾಪಸ್ ಬರುತ್ತಾ ಅಂತ ಕೇಳದೆ ಸಹಿ ಹಾಕಬೇಡಿ. ಬೆಂಗಳೂರಿನ ವಾಪಸ್ ವಿಮಾನ ಮಧ್ಯಾಹ್ನದ ಮೇಲಿನದ್ದೇ ಇರಲಿ. ಹಡಗು ನಸುಕಿನಲ್ಲೇ ಬಂದರು ಮುಟ್ಟಿದರೂ ಸಾವಿರಾರು ಜನ ಇಳಿದು, ಲಗೇಜ್ ಹುಡುಕಿ, ಇಮಿಗ್ರೇಷನ್ ದಾಟಿ ಹೊರಗೆ ಬರುವಷ್ಟರಲ್ಲಿ ಹತ್ತು ಗಂಟೆ ಆಗಿರುತ್ತದೆ.