ಫೋಟೋ ಇಲ್ಲದ ಮನೆಯ ಚಿತ್ರ ಬಿಡಿಸುವಾಗ

ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಅದಕ್ಕಾಗಿ ಅರ್ಗಾದಂಥ ಊರುಗಳನ್ನು ಬಿಟ್ಟು ತೋಡೂರಿನ ಕಾಲನಿಗೆ ಬಂದವರಲ್ಲಿ ಹಳೆಯ ಮನೆಯ ಫೋಟೋ ಕೇಳಿದರೆ ಸಿಕ್ಕೀತೆಂಬ ಭರವಸೆಯಿಲ್ಲ. ಸಿಕ್ಕರೂ ಅದು ಮದುವೆಯ ಗುಂಪುಚಿತ್ರ, ಹಿಂದೆ ಮನೆಯ ಅರ್ಧ ಗೋಡೆ. ಸೂಪಾ ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರಿಂದ ಜೋಯಿಡಾ ತಾಲೂಕಿನ ರಾಮನಗರಕ್ಕೆ ಬಂದವರದೂ ಅದೇ ಪಾಡು. ಹಿರಿಯರ ನೆನಪನ್ನು ಚಲಿಸುವ ಚಿತ್ರವಾಗಿಸುವ ಆ್ಯನಿಮೇಷನ್ ನಿಜಕ್ಕೂ ಬೇಕಾಗುವುದು ಇಂಥಲ್ಲಿ. ಫೋಟೋ ಇರುವಲ್ಲಿ ಫೋಟೋವನ್ನೇ ತೋರಿಸಿ.

ಮೊದಲು ದನಿ, ಆಮೇಲೆ ಚಿತ್ರ. ‘ಹಳೆಯ ದಿನಗಳ ಬಗ್ಗೆ ಹೇಳಿ’ ಎಂದರೆ ಹಿರಿಯರು ಎಲ್ಲರಿಗೂ ಹೇಳುವ ಮಾತನ್ನೇ ಹೇಳುತ್ತಾರೆ. ‘ಅಜ್ಜೀ, ಬಾವಿಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ? ಮಾಡಿಗೆ ಹೆಂಚೋ, ತೆಂಗಿನ ಮಡಲೋ?’ ಎಂದು ಕೇಳಿ. ನೆಲದ ಮೇಲೆ ಬೆಂಕಿಕಡ್ಡಿ ಕೊಟ್ಟು ಮನೆ ಜೋಡಿಸಲು ಹೇಳಿ. ಕಡ್ಡಿ ಸರಿಸುತ್ತ ಸರಿಸುತ್ತ ‘ಇಲ್ಲಲ್ಲ, ತುಳಸಿಕಟ್ಟೆ ಈಚೆಗೆ’ ಎನ್ನುವಾಗ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ರೆಕಾರ್ಡರ್ ಆಗ ಓಡುತ್ತಿರಬೇಕು: 48 ಕಿಲೋಹರ್ಟ್ಸ್, 24 ಬಿಟ್, ದನಿಯ ಏರು ಮೈನಸ್ 12 ಡೆಸಿಬಲ್ ದಾಟದಂತೆ. ಫ್ಯಾನ್, ಫ್ರಿಜ್ ಎರಡೂ ಬಂದ್. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಮಾತಿನಿಂದ ಪೂರ್ತಿ ಬೇರ್ಪಡಿಸುವುದು ಕಷ್ಟ. ಮಳೆ ಬೇಕಿದ್ದರೆ ಅದನ್ನೇ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ.

ಸೆಕೆಂಡಿಗೆ 24 ಫ್ರೇಮಿನಲ್ಲಿ (ಫ್ರೇಮ್ ಎಂದರೆ ಪರದೆಯ ಒಂದು ಸ್ಥಿರಚಿತ್ರ) ಪ್ರತಿ ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 4 ನಿಮಿಷಕ್ಕೆ 2,880 ಚಿತ್ರ. ಒಬ್ಬರೇ ಕೂತರೆ ಮುಗಿಯುವ ಲೆಕ್ಕವಲ್ಲ. ಅರ್ಧ ಸಮಯ ಚಿತ್ರ ನಿಂತೇ ಇರಲಿ, ದನಿ ನಡೆಯಲಿ, 1,440ಕ್ಕೆ ಇಳಿಯುತ್ತದೆ. ಬಿಡಿಸುವ ಮೊದಲು ಪೆನ್ಸಿಲ್ ಗೀಟುಗಳನ್ನಷ್ಟೇ ದನಿಗೆ ಹೊಂದಿಸಿ ಅಜ್ಜಿಗೆ ತೋರಿಸಿ. ಬಾಗಿಲು ತಪ್ಪು ದಿಕ್ಕಿಗಿದ್ದರೆ ಈ ಹಂತದಲ್ಲಿ ಒಂದು ಹಾಳೆ ಬದಲಿಸಿದರೆ ಸಾಕು.

ಕಾಗದದ ಗೊಂಬೆ ಕತ್ತರಿಸಿ ಆ್ಯನಿಮೇಷನ್ ಮಾಡುವವರಿಗೆ ಕರಾವಳಿಯ ಮಳೆಗಾಲ ದೊಡ್ಡ ಶತ್ರು. ತೆಳು ಹಾಳೆ ಒಂದೇ ರಾತ್ರಿಯಲ್ಲಿ ಸುರುಳಿಯಾಗಿ ಕೈಕಾಲಿನ ನೆರಳು ಬದಲಾಗುತ್ತದೆ. 250 ಜಿಎಸ್ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ದಪ್ಪ ಕಾಗದ ಬಳಸಿ. ಸಾಧ್ಯವಾದರೆ ಶೂಟಿಂಗನ್ನು ಚಳಿಗಾಲಕ್ಕಿಡಿ. ಕಿಟಕಿ ಮುಚ್ಚಿ, ಕ್ಯಾಮೆರಾದ ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನುವಲ್‌ಗೆ ಹಾಕಿ. ಆಟೋದಲ್ಲಿಟ್ಟರೆ ಚಿತ್ರ ಮಿಣುಕುತ್ತದೆ.

ಗೋಡೆಯಲ್ಲಿ ತೂಗುಹಾಕಿದ ಹಳೆಯ ಫೋಟೋ ತೇವಕ್ಕೆ ಗಾಜಿಗೇ ಅಂಟಿರುತ್ತದೆ. ಕೀಳಲು ಹೋಗಬೇಡಿ, ಚಿತ್ರವಿರುವ ಪದರ ಗಾಜಿನಲ್ಲೇ ಉಳಿದುಬಿಡುತ್ತದೆ. ಎರಡೂ ಪಕ್ಕದಿಂದ 45 ಡಿಗ್ರಿಯಲ್ಲಿ ದೀಪವಿಟ್ಟು ಗಾಜಿನ ಮೇಲಿಂದಲೇ ಅದರ ಫೋಟೋ ತೆಗೆಯಿರಿ. ಬಿಡಿ ಫೋಟೋಗಳನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ ಸಾಕು.

ನೆನಪನ್ನು ಕಾಲದೊಡನೆ ತಾಳೆ ನೋಡುವುದು ತಪ್ಪಬಾರದು. ‘ಅಪ್ಪ ರೈಲಲ್ಲಿ ಮುಂಬಯಿಗೆ ಹೋದರು’ ಎಂದಾಕ್ಷಣ ಕಾರವಾರದಲ್ಲಿ ರೈಲು ಬಿಡಿಸಿದರೆ ತಪ್ಪು. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅದಕ್ಕೂ ಹಿಂದಿನ ಮಾತಾದರೆ ಹುಬ್ಬಳ್ಳಿಯವರೆಗೆ ಬಸ್ಸೋ, ಕಾರವಾರದಿಂದ ಸ್ಟೀಮರೋ ಎಂದು ಮತ್ತೆ ಕೇಳಿ. ಹಾಗೂ ಗೊತ್ತಾಗದಿದ್ದರೆ ಒಂದು ಟ್ರಂಕು, ಖಾಲಿ ಜಗುಲಿ ಬಿಡಿಸಿ. ಯಾರೂ ಹೇಳದ್ದನ್ನು ಸೇರಿಸಬೇಡಿ.

ಕೊಂಕಣಿಯಲ್ಲಿ ಹೇಳಿದ್ದು ಕೊಂಕಣಿಯಲ್ಲೇ ಕೇಳಲಿ, ಕೆಳಗೆ ಕನ್ನಡ ಸಬ್‌ಟೈಟಲ್ ಬರಲಿ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ದಕ್ಷಿಣ ಏಷ್ಯಾ ಲಿಪಿಯ ಆಯ್ಕೆ ಒತ್ತದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ಮೊದಲು ಮನೆಮಂದಿಯ ಹೆಸರುಗಳನ್ನು ಹಾಕಿ ನೋಡಿ.