ಬಂಗುಡೆಯ ಕಣ್ಣು ಮತ್ತು ಕಂಟಿನ್ಯೂಟಿ

ಸಿನಿಮಾ ಮಾಡಬೇಕೆಂದು ಹೊರಟ ನಮ್ಮ ಕಡೆಯ ಹುಡುಗರು ಮೊದಲು ಕೇಳುವುದೇ ಯಾವ ಕ್ಯಾಮೆರಾ ತಗೊಳ್ಳುವುದು ಅಂತ. ಕ್ಯಾಮೆರಾ ಆಮೇಲೆ ನೋಡುವ, ಮೊದಲು ಯಾರದ್ದಾದರೂ ಸೆಟ್ಟಿಗೆ ಹೋಗಿ ಕಂಟಿನ್ಯೂಟಿ ಬರಿ ಮಾರಾಯ ಎಂದರೆ ಮುಖ ಸಪ್ಪಗಾಗುತ್ತದೆ. ಆಗದೆ ಇರುತ್ತದೆಯೇ? ಡೈರೆಕ್ಟರ್ ‘ಆಕ್ಷನ್’ ಅನ್ನುತ್ತಾನೆ, ಎಲ್ಲರೂ ಅವನತ್ತ ನೋಡುತ್ತಾರೆ. ಕಂಟಿನ್ಯೂಟಿಯವನು ಪ್ಯಾಡ್ ಹಿಡಿದು ಮೂಲೆಯಲ್ಲಿ ಕೂತು, ನಟಿ ಸೆರಗು ಹಿಡಿದದ್ದು ಎಡಗೈಯಲ್ಲೋ ಬಲಗೈಯಲ್ಲೋ ಎಂದು ಬರೆಯುತ್ತಾನೆ, ಒಂದು ಶಾಟಿನಲ್ಲಿ ಇದ್ದದ್ದು ಮುಂದಿನ ಶಾಟಿನಲ್ಲೂ ಹಾಗೆಯೇ ಇರಲಿ ಎಂದು. ಆದರೂ ನನ್ನ ಸಲಹೆ ಅದೇ. ಅದಕ್ಕೆ ಕಾರಣ ಮಲ್ಪೆ ಬಂದರಿನಲ್ಲಿ ಕಳೆದ ಒಂದು ದಿನ.

ಗೆಳೆಯನೊಬ್ಬ ಕಿರುಚಿತ್ರ ಮಾಡುತ್ತಿದ್ದ, ಕಂಟಿನ್ಯೂಟಿ ಬರೆಯುವ ಕೆಲಸ ನನ್ನದು. ಮುಂಬೈಯ ಹೋಟೆಲ್ ಕೆಲಸ ಬಿಟ್ಟು ಬಂದ ಮಗ, ದಕ್ಕೆಯಲ್ಲಿ (ಬೋಟುಗಳು ಬಂದು ನಿಲ್ಲುವ ಕಟ್ಟೆ) ಮೀನು ಮಾರುವ ತಾಯಿ, ಬುಟ್ಟಿಯ ಎರಡು ಬದಿಗೆ ನಿಂತು ಇಬ್ಬರ ಮಾತು. ಅಷ್ಟೇ ಕತೆ. ಜೂನ್ ತಿಂಗಳಲ್ಲೇ ತೆಗೆಯಬೇಕು, ಕಪ್ಪು ಮೋಡದ ಕೆಳಗೆ ಬೋಟುಗಳು ಕಡಲಿಗೆ ಹೊರಡಬೇಕು ಎಂಬುದು ಅವನ ಆಸೆ. ಜಾಗ ನೋಡಲು ಹೋದಾಗ ಚಾ ಅಂಗಡಿಯಲ್ಲಿ ಕೂತಿದ್ದ ಬೋಟಿನವರೊಬ್ಬರು ನಕ್ಕುಬಿಟ್ಟರು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಬೋಟುಗಳೆಲ್ಲ ದಡದಲ್ಲಿ ಸಾಲಾಗಿ ಕಟ್ಟಿಕೊಂಡಿರುತ್ತವೆ. ಉಡುಪಿಯವನಿಗೇ ಇದು ಹೊಳೆದಿರಲಿಲ್ಲ. ಹಾಗಾಗಿ ಶೂಟಿಂಗ್ ಜನವರಿಗೆ ಹೋಯಿತು. ಲೊಕೇಶನ್ ನೋಡಲು ಹೋಗುವವರು ಫೋಟೊ ತೆಗೆಯುವುದು ಸ್ವಲ್ಪ ಕಡಿಮೆ ಮಾಡಿ, ಚಾ ಕುಡಿಯುವುದು ಸ್ವಲ್ಪ ಜಾಸ್ತಿ ಮಾಡಿದರೆ ಒಳ್ಳೆಯದು.

ಬೆಳಕು ಹರಿಯುವ ಮೊದಲೇ ತಂಡ ಬಂದರಿನಲ್ಲಿತ್ತು. ಲಾಡ್ಜಿನ ಎಸಿ ರೂಮಿನಿಂದ ನೇರ ತಂದ ಲೆನ್ಸಿನ ಮೇಲೆ ಮಂಜು ಕೂತಿತು. ಕರಾವಳಿಯ ಸೆಕೆಗೆ ಇದು ಆಗಿಯೇ ಆಗುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಬ್ಯಾಗಿನೊಳಗೇ ಹೊರಗಿನ ಗಾಳಿಗೆ ಒಗ್ಗುವವರೆಗೆ ಕಾಯಬೇಕು. ಹರಾಜು ನಡೆಯುವ ಮಾಡಿನ ಕೆಳಗಿನ ಲೈಟುಗಳಿಂದಾಗಿ ಮಾನಿಟರಿನಲ್ಲಿ ಅಡ್ಡಪಟ್ಟಿಗಳು ಓಡತೊಡಗಿದವು. ನಮ್ಮ ಕರೆಂಟು 50 ಹರ್ಟ್ಸ್. ಕ್ಯಾಮೆರಾದವನು ಶಟರನ್ನು ಸೆಕೆಂಡಿನ 1/50ಕ್ಕೆ ಇಟ್ಟ, ಪಟ್ಟಿ ಹೋಯಿತು. ಇವೆಲ್ಲ ಯೂಟ್ಯೂಬಿನಲ್ಲಿ ಸಿಗುವ ವಿದ್ಯೆ, ಕಲಿತರಾಯಿತು.

ಮೀನಿನ ವಿಷಯ ಮಾತ್ರ ಯೂಟ್ಯೂಬಿನಲ್ಲಿ ಸಿಗುವುದಿಲ್ಲ. ಮೊದಲ ವೈಡ್ ಶಾಟಿಗೆ, ಅಂದರೆ ಇಡೀ ಜಾಗ ಕಾಣುವ ಶಾಟಿಗೆ, ಬುಟ್ಟಿ ತುಂಬ ಹೊಸ ಬಂಗುಡೆ. ಬೆನ್ನ ಮೇಲೆ ನೀಲಿ ಹಸಿರು ಗೆರೆ, ಉಬ್ಬಿದ ಕಪ್ಪು ಕಣ್ಣು, ಮೇಲೆ ಪುಡಿ ಐಸಿನ ರಾಶಿ. ನಾನು ಫೋನಿನಲ್ಲಿ ಫೋಟೊ ತೆಗೆದಿಟ್ಟೆ. ಬಿಸಿಲೇರಿ ನಾಲ್ಕು ಮಾತಿನ ಕ್ಲೋಸಪ್ಪಿಗೆ ಬರುವಷ್ಟರಲ್ಲಿ ಐಸ್ ನೀರಾಗಿ ಬುಟ್ಟಿಯ ಅಡಿಯಿಂದ ಹರಿದುಹೋಗಿತ್ತು. ಕಣ್ಣುಗಳು ಒಳಗೆ ಕುಸಿದು ಬೂದು ಬಣ್ಣಕ್ಕೆ ತಿರುಗಿದ್ದವು. ಕತೆಯಲ್ಲಿ ಕಳೆದದ್ದು ಅರ್ಧ ನಿಮಿಷ, ಮೀನಿಗೆ ಕಳೆದದ್ದು ಅರ್ಧ ದಿನ. ‘ಮೀನು ಯಾರು ನೋಡ್ತಾರೆ? ಆ್ಯಕ್ಟಿಂಗ್ ನೋಡ್ತಾರೆ’ ಎಂದ ಡೈರೆಕ್ಟರ್. ಪಕ್ಕದಲ್ಲಿ ನಿಜವಾಗಿಯೂ ಮೀನು ಮಾರುತ್ತಿದ್ದ ಹೆಂಗಸು ತಲೆಯೆತ್ತಿ, ‘ಬೆಳಿಗ್ಗೆಯ ಮೀನು ಅಂತ ಅವಳ ಬಾಯಲ್ಲಿ ಹೇಳಿಸ್ತೀರಿ, ಕಣ್ಣು ನೋಡಿದ್ರೆ ನಿನ್ನೆದು’ ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಹುಡುಗನೊಬ್ಬ ಓಡಿ ಹೊಸ ಬಂಗುಡೆ ತಂದ. ಫೋಟೊ ನೋಡಿ, ತಲೆ ಎಡಕ್ಕೆ, ಒಂದರ ಬಾಲ ಬುಟ್ಟಿಯಂಚಿನ ಹೊರಗೆ, ಹಾಗೆಯೇ ಜೋಡಿಸಿದೆವು.

ಕಂಟಿನ್ಯೂಟಿ ಶೀಟಿನಲ್ಲಿ ಸೀನ್, ಶಾಟ್, ಟೇಕ್ ನಂಬರ್ ಇರುತ್ತದೆ. ಲೆನ್ಸ್, ಸೌಂಡ್ ಫೈಲಿನ ನಂಬರ್, ಯಾವ ಟೇಕ್ ಓಕೆ, ಯಾವುದು ಎನ್‌ಜಿ (ನೋ ಗುಡ್, ಬೇಡದ್ದು), ಯಾಕೆ. ‘ಯಾಕೆ’ ಎಂಬ ಆ ಕಾಲಮ್ಮೇ ಮುಖ್ಯ. ‘ಕೊನೆಯ ಮಾತಿಗೆ ಬಸ್ಸಿನ ಹಾರ್ನ್, ಮೊದಲರ್ಧ ಚೆನ್ನಾಗಿದೆ’ ಎಂದು ಬರೆದಿಟ್ಟ ಒಂದು ಸಾಲು ಎಡಿಟರಿಗೆ ಎಷ್ಟೋ ಹೊತ್ತು ಉಳಿಸುತ್ತದೆ. ಕ್ಲ್ಯಾಪ್ ಹೊಡೆಯಲು ಮರೆತರೆ ಶಾಟ್ ಮುಗಿದ ಮೇಲೆ ಬೋರ್ಡನ್ನು ತಲೆಕೆಳಗೆ ಹಿಡಿದು ಹೊಡೆಯುತ್ತಾರೆ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಎಡಿಟರ್ ಮೊದಲಿನ ಕ್ಲ್ಯಾಪ್ ಹುಡುಕುತ್ತಾ ಕೂರುತ್ತಾನೆ.

ತಾಯಿಯ ಪಾತ್ರ ಮಾಡಿದವರು ತುಳು ನಾಟಕದಲ್ಲಿ ಪಳಗಿದವರು. ನಮ್ಮ ನಾಟಕದವರಿಗೆ ಪ್ರತಿ ಶೋನಲ್ಲಿ ಹೊಸ ಮಾತು ಸೇರಿಸುವುದು ಚಪ್ಪಾಳೆ ತರುವ ಗುಣ. ಇಲ್ಲಿ ಪ್ರತಿ ಟೇಕಿಗೂ ಹೊಸ ಡೈಲಾಗ್ ಬಂತು, ಇಡೀ ತಂಡ ನಕ್ಕಿತು, ನಾನು ಬೆವರಿದೆ. ಮಾತು ಬದಲಾದರೆ ಅಡ್ಡಿಯಿಲ್ಲ, ಕೈ ಬದಲಾದರೆ ಕಷ್ಟ. ವೈಡ್‌ನಲ್ಲಿ ‘ಎಂತ ಇಷ್ಟು ಸಪೂರ ಆಗಿದ್ದಿ’ ಎನ್ನುವಾಗ ಮೀನಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಿದ್ದರು. ಕ್ಲೋಸಪ್ಪಿನಲ್ಲಿ ಆ ಮಾತು ಮುಗಿದ ಮೇಲೆ ಒರೆಸಿಕೊಂಡರು. ಕೈ ಎತ್ತುವ ಆ ಚಲನೆಯ ಮೇಲೆಯೇ ಕಟ್ ಮಾಡಬೇಕೆಂದಿದ್ದರೆ ಎರಡೂ ಒಂದೇ ಪದಕ್ಕೆ ಬೀಳಬೇಕು. ಅವರಿಗೆ ‘ನೀವು ತಪ್ಪಿದಿರಿ’ ಎಂದು ಹೇಳಲಿಲ್ಲ. ‘ಅಮ್ಮ, ಸಪೂರ ಅನ್ನುವಾಗ ಒಮ್ಮೆ ಕೈ ಒರೆಸ್ತೀರಾ’ ಅಂದೆ. ಮುಂದಿನ ಟೇಕಿನಲ್ಲಿ ಸರಿಯಾಗಿ ಬಂತು. ನಟರ ಹತ್ತಿರ ಹೇಗೆ ಮಾತಾಡಬೇಕು ಎಂಬುದನ್ನು ಕಲಿಯಲು ಇದಕ್ಕಿಂತ ಕಡಿಮೆ ಖರ್ಚಿನ ಶಾಲೆ ನನಗಂತೂ ಗೊತ್ತಿಲ್ಲ.

ಮಧ್ಯಾಹ್ನ ಸೂರ್ಯ ನೆತ್ತಿ ದಾಟಿದಾಗ ಕ್ಯಾಮೆರಾದವನು ಬುಟ್ಟಿಯ ಆಚೆ ಬದಿಗೆ ಹೋಗಲು ಹೊರಟ. ಬೆಳಕೇನೋ ಅಲ್ಲಿ ಚೆಂದವಿತ್ತು. ಆದರೆ ತಾಯಿ ಮಗನ ನಡುವೆ ಮನಸ್ಸಿನಲ್ಲೇ ಎಳೆದ ಗೆರೆಯನ್ನು ದಾಟಿದರೆ ಇಬ್ಬರೂ ಪರದೆಯಲ್ಲಿ ಒಂದೇ ದಿಕ್ಕಿಗೆ ನೋಡುತ್ತಾರೆ, ಮಾತಾಡುವುದು ಯಾರೊಟ್ಟಿಗೆ ಎಂದೇ ತಿಳಿಯದು. ಕ್ಯಾಮೆರಾ ಗೆರೆಯ ಒಂದೇ ಬದಿಯಲ್ಲಿರಬೇಕು ಎಂಬ ಈ 180 ಡಿಗ್ರಿ ನಿಯಮ ಪುಸ್ತಕದಲ್ಲಿ ಓದಿದಾಗ ಗಣಿತದಂತೆ ಬೋರು; ದಕ್ಕೆಯ ಮೇಲೆ ನಿಂತಾಗ ಥಟ್ಟನೆ ಅರ್ಥವಾಗುತ್ತದೆ. ಕೊನೆಗೆ ತಕ್ಕಡಿಯ ಒಂದು ಕ್ಲೋಸಪ್ ತೆಗೆದೆವು, ದಿಕ್ಕಿಲ್ಲದ ಶಾಟ್. ಅದನ್ನು ನಡುವೆ ಇಟ್ಟು ಆಚೆ ದಾಟಬಹುದು. ವೈಡ್‌ಗಳನ್ನು ಬೆಳಿಗ್ಗೆಯೇ ಮುಗಿಸಿದ್ದು ಲಾಭವಾಯಿತು. ಇಡೀ ಬಂದರಿನ ಬಿಸಿಲನ್ನು ಯಾರೂ ಬದಲಿಸಲಾರರು, ಒಂದು ಮುಖದ ಬಿಸಿಲನ್ನು ಟಾರ್ಪಾಲು ಮತ್ತು ಥರ್ಮಾಕೋಲ್ ಶೀಟಿನಿಂದ ಹೇಗಾದರೂ ಸುಧಾರಿಸಬಹುದು.

ಸೌಂಡಿನ ಕತೆ ಬೇರೆ. ಹತ್ತಿರದಲ್ಲೇ ಐಸ್ ಪುಡಿ ಮಾಡುವ ಮೆಷಿನ್. ಒಂದು ಟೇಕಿನಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. ಜೋಡಿಸಿದರೆ ತಾಯಿಯ ಮಾತಿಗೆ ಗರಗರ, ಮಗನ ಮಾತಿಗೆ ಮೌನ. ನಿಲ್ಲಿಸಿ ಎಂದು ಕೇಳಲು ಹೋದವನಿಗೆ ‘ಬೋಟ್ ಬರ್ತಾ ಉಂಟು, ನಿಮ್ಮ ಸಿನಿಮಾಕ್ಕೆ ಮೀನು ಕೊಳೀಲಿಕ್ಕೆ ಬಿಡ್ಲಿಕ್ಕೆ ಆಗ್ತದಾ?’ ಎಂದು ಕೇಳಿದರು. ನ್ಯಾಯವೇ. ಸೌಂಡಿನವಳು ಜಾಣೆ. ಮೆಷಿನ್ ಓಡುವಾಗ ಮಾತ್ರ ಡೈಲಾಗ್ ತೆಗೆಯುವ ಎಂದಳು, ನಿಂತಾಗ ಊಟ. ಕೊನೆಗೆ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಬಂದರಿನ ಸದ್ದು ರೆಕಾರ್ಡ್ ಮಾಡಿಕೊಂಡಳು. ಕಟ್‌ಗಳ ನಡುವಿನ ತೂತು ಮುಚ್ಚಲು ಅದು ಬೇಕೇ ಬೇಕು. ಆ ಒಂದು ನಿಮಿಷ ಸುಮ್ಮನಿರಲು ಜನರನ್ನು ಒಪ್ಪಿಸುವುದೇ ಆ ದಿನದ ಅತಿ ಕಷ್ಟದ ಕೆಲಸವಾಗಿತ್ತು.

ಮಂಗಳೂರಿನಲ್ಲಿ ಎಡಿಟಿಂಗಿಗೆ ಕೂತಾಗ ಡೈರೆಕ್ಟರ್ ನನ್ನ ಶೀಟುಗಳನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದ. ಅವನು ಸೆಟ್ಟಿನಲ್ಲಿ ತುಂಬ ಮೆಚ್ಚಿದ್ದ ಟೇಕ್ ಒಂದು ಯಾವ ಕಡೆಗೂ ಅಂಟಲಿಲ್ಲ. ಯಾರೂ ಗಮನಿಸದ, ‘ಕೈ ಸರಿ, ಮಾತು ಸುಮಾರು’ ಎಂದು ನಾನು ಬರೆದಿದ್ದ ಟೇಕ್ ಉಳಿಯಿತು. ನಟಿ ಸೇರಿಸಿದ ಹೊಸ ಮಾತುಗಳಲ್ಲಿ ಒಂದು ಮಗನ ಮುಖದ ಮೇಲೆ ಕೇಳಿಸಿತು, ತುಟಿ ಕಾಣಿಸದ ಕಾರಣ ಹೊಂದಿತು. ಒಳ್ಳೆಯ ಮಾತು, ಬರೆದ ಸ್ಕ್ರಿಪ್ಟಿಗಿಂತ ಒಳ್ಳೆಯದು.

ಆದ್ದರಿಂದ ಹೇಳುವುದು, ಊರಿನಲ್ಲಿ ಯಾರಾದರೂ ಕಿರುಚಿತ್ರ ಮಾಡುತ್ತಿದ್ದರೆ ಹೋಗಿ ಕಂಟಿನ್ಯೂಟಿ ನಾನು ಬರೆಯುತ್ತೇನೆ ಎನ್ನಿ. ಈ ಸೀಟಿಗೆ ಪೈಪೋಟಿ ಇಲ್ಲ. ಸಂಬಳವೂ ಇರುವುದಿಲ್ಲ; ಊಟ ಮತ್ತು ಬಸ್ಸಿನ ದುಡ್ಡು ಮೊದಲೇ ಕೇಳಿಕೊಳ್ಳಿ.

ನನ್ನ ಗೆಳೆಯ ಮುಂದಿನ ಸ್ಕ್ರಿಪ್ಟ್ ಕಳಿಸಿದ್ದಾನೆ. ಈ ಸಲ ಮೀನಿಲ್ಲ ಎಂದು ಹೆಮ್ಮೆಯಿಂದ ಹೇಳಿದ. ಓದಿ ನೋಡಿದರೆ ಎರಡನೇ ಸೀನಿನಿಂದ ಕೊನೆಯವರೆಗೆ ಒಂದು ನಾಯಿ ಉಂಟು.